ಕೈ ಜೋಮು ಹಿಡಿದರೆ ಸೀಟು ನೋಡಿ

ಪುಣೆಯಲ್ಲಿ ಭಾನುವಾರ ಬೆಳಗ್ಗೆ ನಮ್ಮೊಂದಿಗೆ ಸೈಕಲ್ ತುಳಿಯುವ ಹುಬ್ಬಳ್ಳಿಯ ಗೆಳೆಯರೊಬ್ಬರಿಗೆ ದೀಪಾವಳಿಗೆ ಬೆಳಗಾವಿವರೆಗೆ, ಅಂದರೆ ಸುಮಾರು 340 ಕಿ.ಮೀ., ಸೈಕಲ್‌ನಲ್ಲೇ ಹೋಗುವ ಆಸೆ. ಆದರೆ ಕಾತ್ರಜ್ ಘಾಟಿ ದಾಟಿ ಸ್ವಲ್ಪ ದೂರ ಹೋದರೆ ಸಾಕು, ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದವು. ದಪ್ಪ ಗ್ಲೌಸ್ ತಂದರು, ಹ್ಯಾಂಡಲ್‌ಗೆ ಮತ್ತೊಂದು ಸುತ್ತು ಟೇಪ್ ಹಾಕಿಸಿದರು. ಕೊನೆಗೆ, ‘ವಯಸ್ಸಾತ್ರೀ, ಮಾರಿಬಿಡ್ತೀನಿ’ ಎಂದರು. ವಯಸ್ಸು ನಲವತ್ತೆರಡು!

ಅವರ ಸೀಟಿನ ಮೂಗು ಕೆಳಕ್ಕೆ ಬಾಗಿತ್ತು, ಅಷ್ಟೇ. ಹಾಗಿದ್ದರೆ ದೇಹ ಸದಾ ಮುಂದಕ್ಕೆ ಜಾರುತ್ತದೆ, ಅದನ್ನು ತಡೆಯುವ ಭಾರವೆಲ್ಲ ಅಂಗೈ ಮೇಲೆ ಬಿದ್ದು ನರ ಒತ್ತುತ್ತದೆ. ಸೀಟನ್ನು ಮಟ್ಟ ಮಾಡಿದ ಮೇಲೆ ಜೋಮು ಬಹುಮಟ್ಟಿಗೆ ಹೋಯಿತು.

ಹಾಗಾಗಿ ಮೊದಲು ಸೀಟು, ಆಮೇಲೆ ಹ್ಯಾಂಡಲ್. ಗೋಡೆ ಹಿಡಿದು ಕುಳಿತು, ಪೆಡಲ್ ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಮುಂಗಾಲಿನಿಂದ ತುಳಿದಾಗ ಮೊಣಕಾಲು ತುಸು ಬಾಗಿರುತ್ತದೆ. ಲೆಕ್ಕ ಬೇಕೆನ್ನುವವರಿಗೆ, ಮೂರು ಬಾರಿ ಟೂರ್ ದ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನ ಸೂತ್ರವಿದೆ: ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ, ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 70.6 ಸೆಂ.ಮೀ. ಇದು ಆರಂಭ ಮಾತ್ರ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ಸಾಮಾನ್ಯವಾಗಿ ತಗ್ಗಾಗಿರುತ್ತದೆ. ಹಿಂಭಾಗ ನೋಯುತ್ತಿದ್ದರೆ, ಸೊಂಟ ಅತ್ತಿತ್ತ ಓಲಾಡುತ್ತಿದ್ದರೆ ಎತ್ತರವಾಗಿರುತ್ತದೆ.

ಹ್ಯಾಂಡಲ್ ದೂರವೆನಿಸಿದರೆ ಸೀಟನ್ನು ಮುಂದಕ್ಕೆ ಎಳೆಯಬೇಡಿ. ಎಲ್ಲರೂ ಮಾಡುವುದು ಅದನ್ನೇ. ಮಂಡಿಯ ಲೆಕ್ಕವೂ ಕೆಡುತ್ತದೆ, ಕೈ ಮೇಲಿನ ಭಾರವೂ ಹೆಚ್ಚುತ್ತದೆ. ಗಿಡ್ಡ ಸ್ಟೆಮ್ ಹಾಕಿಸಿ. ಬೆನ್ನು, ಕುತ್ತಿಗೆ ಹಿಡಿಯುತ್ತಿದ್ದರೆ ಸ್ಟೆಮ್ ಮೇಲಿರುವ ಬಳೆಗಳನ್ನು ಅದರ ಕೆಳಗೆ ಹಾಕಿಸಿ, ಹ್ಯಾಂಡಲ್ ಮೇಲೇರುತ್ತದೆ. ರೇಸಿನವರಂತೆ ಬಗ್ಗಿ ಕೂರುವ ಶೋಕಿ ನಮಗೇಕೆ? 200 ಕಿ.ಮೀ. ಬ್ರೆವೆಗೇ 13 ಗಂಟೆ 30 ನಿಮಿಷ ಕೊಡುತ್ತಾರೆ. ಮೊಣಕೈ ಸ್ವಲ್ಪ ಮಡಚಿರಲಿ, ಆಗ ಹೊಂಡಗಳ ಹೊಡೆತ ಭುಜಕ್ಕೆ ಏರುವುದಿಲ್ಲ.

ಒಮ್ಮೆಗೆ ಒಂದೇ ಬದಲಾವಣೆ, ಅದೂ ಐದು ಮಿಲಿಮೀಟರ್‌ನಷ್ಟು. ಹಳೆಯ ಎತ್ತರಕ್ಕೆ ಟೇಪಿನ ಗುರುತು ಹಾಕಿ, ಎರಡು ಮೂರು ಸವಾರಿ ಮುಗಿಯುವವರೆಗೆ ಅಲೆನ್ ಕೀ ಮುಟ್ಟಬೇಡಿ. ಸೀಟಿನ ಕಂಬದ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣುವಷ್ಟು ಅದನ್ನು ಎತ್ತಲೇಬಾರದು. ಇಷ್ಟಾದರೂ ಜೋಮು ಇಳಿಯದಿದ್ದರೆ ಅಂಗಡಿಗಲ್ಲ, ವೈದ್ಯರ ಬಳಿಗೆ ಹೋಗಿ.