ನವಾಪುರದ ಕೋಳಿ ಫಾರಂಗಳ ದಾರಿಯಲ್ಲಿ

ನವಾಪುರ ರೈಲು ನಿಲ್ದಾಣದಲ್ಲಿ ಒಂದು ಬೆಂಚಿದೆ. ಅದರ ಅರ್ಧ ಮಹಾರಾಷ್ಟ್ರದಲ್ಲಿ, ಇನ್ನರ್ಧ ಗುಜರಾತಿನಲ್ಲಿ. ಟಿಕೆಟ್ ಕೊಡುವ ಕಿಂಡಿ ಈಚೆ ರಾಜ್ಯದ್ದು, ಸ್ಟೇಷನ್ ಮಾಸ್ತರರ ಕೋಣೆ ಆಚೆಯದು. ಸೂರತ್–ಭುಸಾವಳ ಮಾರ್ಗದ ಪ್ರಯಾಣಿಕರಿಗೆ ಆ ಬೆಂಚಿನ ಮೇಲೆ ಫೋಟೊ ತೆಗೆಸಿಕೊಳ್ಳುವ ಹುಮ್ಮಸ್ಸು. ನಾನು ಬಂದದ್ದು ಊರಾಚೆಯ ಕೋಳಿ ಫಾರಂಗಳನ್ನು ನೋಡಲು. 2006ರ ಫೆಬ್ರವರಿ 18ರಂದು ಭಾರತದಲ್ಲಿ ಮೊದಲ ಬಾರಿಗೆ ಹಕ್ಕಿಜ್ವರ ದೃಢಪಟ್ಟದ್ದು ನಂದುರ್ಬಾರ್ ಜಿಲ್ಲೆಯ ಈ ಪುಟ್ಟ ಊರಿನಲ್ಲಿ. ಕೆಲವೇ ದಿನಗಳಲ್ಲಿ ಗುಜರಾತಿನ ಉಚ್ಛಲ್‌ನಲ್ಲೂ ಅದು ಕಾಣಿಸಿಕೊಂಡಿತು.

ಪೇಟೆ ದಾಟಿದರೆ ರಂಗಾವಳಿ ನದಿ. ಅದನ್ನೂ ದಾಟಿ ನಡೆದರೆ, ಕಣ್ಣಿಗೆ ಬೀಳುವ ಮೊದಲೇ ಶೆಡ್ಡುಗಳು ಮೂಗಿಗೆ ಸಿಗುತ್ತವೆ. ಉದ್ದನೆಯ ಶೆಡ್ಡು, ಎರಡೂ ಬದಿಗೆ ಜಾಲರಿ, ಒಳಗೆ ಸಾಲುಸಾಲು ಪಂಜರ. ಇಳಿಜಾರಿನ ತಂತಿಯ ಮೇಲೆ ಮೊಟ್ಟೆಗಳು ಉರುಳಿ ಬಂದು ನಿಲ್ಲುತ್ತವೆ. ಕೆಳಗೆ ಹಿಕ್ಕೆಯ ರಾಶಿ. ಬಾಗಿಲಲ್ಲಿ ಸುಣ್ಣ ಚೆಲ್ಲಿದ್ದಾರೆ. ಪಕ್ಕದಲ್ಲೇ ಕಾಲದ್ದಿ ಹೋಗಲೆಂದು ಕಟ್ಟಿದ ತೊಟ್ಟಿಯಲ್ಲಿ ಔಷಧದ ನೀರಿದೆ. ಹೊರಗಿನವರಿಗೆ ಅಲ್ಲಿಂದ ಮುಂದೆ ಪ್ರವೇಶವಿಲ್ಲ. ಇರಲೂಬಾರದು. ನಮ್ಮ ಚಪ್ಪಲಿಯ ಮಣ್ಣೇ ಸಾಕು, ರೋಗವನ್ನು ಒಂದು ಫಾರಂನಿಂದ ಇನ್ನೊಂದಕ್ಕೆ ಒಯ್ಯಲು.

2006ರಲ್ಲಿ ಕೋಳಿಗಳು ಸಾಯತೊಡಗಿದಾಗ ಸಾಕಣೆದಾರರು ಅದನ್ನು ಕೋಳಿಗಳ ಮಾಮೂಲಿ ಕೊಕ್ಕರೆ ರೋಗವೆಂದೇ ತಿಳಿದಿದ್ದರು. ಭೋಪಾಲದ ಪ್ರಯೋಗಾಲಯ ಅದು ಹಕ್ಕಿಜ್ವರದ ಎಚ್5ಎನ್1 ವೈರಸ್ ಎಂದಮೇಲೆ ಸರ್ಕಾರಿ ತಂಡಗಳು ಮೈತುಂಬ ರಕ್ಷಣಾ ಉಡುಪು ತೊಟ್ಟು ಇಳಿದವು. ಲಕ್ಷಾಂತರ ಕೋಳಿಗಳನ್ನು ಕೊಂದು ಹೂಳಲಾಯಿತು. ಈ ತಾಲ್ಲೂಕಿನಲ್ಲಿ ಆದಿವಾಸಿಗಳೇ ಹೆಚ್ಚು. ಅಂಗಳದಲ್ಲಿ ನಾಲ್ಕು ನಾಟಿ ಕೋಳಿ ಮೇಯಿಸಿಕೊಂಡಿದ್ದವರ ಮನೆಗೂ ಆ ತಂಡಗಳು ಹೋದವು. ಸಾವಿರಾರು ಹಕ್ಕಿ ಸಾಕಿದವನಿಗೆ ಅದು ವ್ಯಾಪಾರದ ನಷ್ಟ. ಅಂಗಳದ ಕೋಳಿ ಹಾಗಲ್ಲ; ಅದು ಹಬ್ಬದ ಊಟ, ಕೈಯಲ್ಲಿ ಕಾಸಿಲ್ಲದ ದಿನದ ಗಂಟು. ಚೆನ್ನಾಗಿ ಓಡಾಡಿಕೊಂಡಿದ್ದ ಹಕ್ಕಿಯನ್ನು ಏಕೆ ಕೊಲ್ಲಬೇಕೆಂದು ಆ ಮನೆಯವರಿಗೆ ತಾಳ್ಮೆಯಿಂದ ತಿಳಿಸಿ ಹೇಳುವುದೂ ರೋಗ ತಡೆಯುವ ಕೆಲಸದ ಭಾಗವೇ.

ದೇಶ ಹೆದರಿದ ಬಗೆಯೇ ಬೇರೆ. ರೈಲುಗಳ ಊಟದಲ್ಲಿ ಕೋಳಿ, ಮೊಟ್ಟೆ ನಿಂತವು. ದರ ಕುಸಿಯಿತು. ಜನರ ಭಯ ನೀಗಿಸಲು ಊರೂರುಗಳಲ್ಲಿ ಚಿಕನ್ ಮೇಳ ನಡೆಸಿ ಮುಖಂಡರು ಕ್ಯಾಮೆರಾ ಮುಂದೆ ಕೋಳಿ ತಿಂದರು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಂಡಾಗ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಕಂಡಾಗ ನಮ್ಮಲ್ಲೂ ಎಲ್ಲರ ಬಾಯಲ್ಲಿ ಅದೇ ಪ್ರಶ್ನೆ: ಚಿಕನ್ ತಿನ್ನಬಹುದಾ?

ಮಾಂಸದ ಒಳಗೂ 70 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗುವಂತೆ ಬೇಯಿಸಿದರೆ ಆ ವೈರಸ್ ಉಳಿಯದು. ನಮ್ಮ ಸಾರಿನ ಪಾತ್ರೆ ಅದಕ್ಕಿಂತ ಹೆಚ್ಚೇ ಕುದಿಯುತ್ತದೆ. ಅಪಾಯವಿರುವುದು ಕಾಯಿಲೆ ಬಿದ್ದ ಹಕ್ಕಿಯನ್ನು ಹಿಡಿಯುವ, ಸತ್ತದ್ದನ್ನು ಎತ್ತುವ, ಪುಕ್ಕ ಕೀಳುವ, ಹಿಕ್ಕೆ ಬಳಿಯುವ ಕೈಗಳಿಗೆ. 2006ರಲ್ಲಿ ವೈದ್ಯರು ನವಾಪುರದ ಮನೆಮನೆ ತಿರುಗಿ ಜ್ವರ ಬಂದವರನ್ನು ಹುಡುಕಿದರು. ಯಾರಿಗೂ ಸೋಂಕು ದೃಢಪಡಲಿಲ್ಲ. ಎಚ್5ಎನ್1ನಿಂದ ಭಾರತದಲ್ಲಿ ಮೊದಲ ಸಾವು ಆದದ್ದು 2021ರ ಜುಲೈಯಲ್ಲಿ. ದೆಹಲಿಯ ಏಮ್ಸ್‌ನಲ್ಲಿ ಹರಿಯಾಣದ ಒಬ್ಬ ಹುಡುಗ ತೀರಿಕೊಂಡ. 2025ರಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗು. ಮನುಷ್ಯರಿಗೆ ಅಪರೂಪಕ್ಕೆ ತಗಲುವ ರೋಗ, ಆದರೆ ತಗಲಿದರೆ ಜೀವ ತೆಗೆಯುವಂಥದ್ದು.

ತೊಟ್ಟಿಯ ಬಳಿ ಫೀಡ್ ಚೀಲ ಇಳಿಸುತ್ತಿದ್ದ ಯುವಕನ ಮೊಣಕೈವರೆಗೂ ಉಗುರಿನ ಗೀರುಗಳು. ಕೋಳಿ ಹಿಡಿಯುವಾಗ ಆದದ್ದಂತೆ. ಕೈಗವಸು ಹಾಕಿದರೆ ಹಿಡಿತ ಸಿಗುವುದಿಲ್ಲ ಎಂದ. ಜ್ವರ ಬಂದರೆ ಕೋಳಿ ಫಾರಂನಲ್ಲಿ ದುಡಿಯುವವನೆಂದು ಡಾಕ್ಟರಿಗೆ ಹೇಳುತ್ತೀಯಾ ಎಂದು ಕೇಳಿದೆ. ಕೂಡಲೇ ತಲೆಯಾಡಿಸಿದ, ಇಲ್ಲವೆಂದು. ಹೇಳಿದರೆ ಫಾರಂ ಮುಚ್ಚುತ್ತಾರೆ, ತನ್ನ ಜೊತೆಗಿರುವವರಿಗೆಲ್ಲ ಕೆಲಸ ಹೋಗುತ್ತದೆ ಎಂಬುದು ಅವನ ಲೆಕ್ಕ.

ಆ ಲೆಕ್ಕದಲ್ಲಿ ತಪ್ಪಿಲ್ಲ. 2021ರ ಫೆಬ್ರವರಿಯಲ್ಲಿ ನವಾಪುರದಲ್ಲಿ ಮತ್ತೆ ಹಕ್ಕಿಜ್ವರ ಬಂದು ಮತ್ತೆ ಶೆಡ್ಡುಗಳು ಬರಿದಾಗಿದ್ದವು. ಸರ್ಕಾರದ ಪರಿಹಾರ ಕೊಂದ ಹಕ್ಕಿಗೆ, ನಾಶಮಾಡಿದ ಮೊಟ್ಟೆಗೆ, ಫೀಡಿಗೆ ಸಿಗುತ್ತದೆ. ನಿಂತುಹೋದ ಕೂಲಿಗೆ ಅದರಲ್ಲಿ ಜಾಗವಿಲ್ಲ. ಆ ಕೂಲಿಯನ್ನು ಪರಿಹಾರದ ಪಟ್ಟಿಗೆ ಸೇರಿಸುವವರೆಗೂ ಅವನು ತನ್ನ ಜ್ವರವನ್ನು ಡಾಕ್ಟರಿಗೆ ಹೇಳಲಿ ಎಂದು ಹೇಗೆ ಕೇಳುವುದು?