ಆಳಕ್ಕಿಳಿಯಬೇಕಾದ ಬಣ್ಣ

ಬಿರುಮಳೆ ಬಂದು ಹೋದ ಮೇಲೆ ಎರೆಹೊಲದಲ್ಲಿ ಕಾಲಿಟ್ಟರೆ ಕೆಸರು ಅಂಟುತ್ತದೆ. ಗೇಣುದ್ದ ಅಗೆದರೆ ಒಣಮಣ್ಣು ಸಿಕ್ಕುವುದುಂಟು. ಮೇಲಿನ ಮಣ್ಣೇ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಬ್ಬೆತುಮಕೂರು, ಶಹಾಪುರ, ಸುರಪುರಗಳ ರೈತರು ಬಲ್ಲ ಈ ಸಂಗತಿಯು ಸೂಕ್ಷ್ಮದರ್ಶನದ ಒಂದು ದೊಡ್ಡ ತೊಡಕನ್ನು ತಿಳಿಯಲು ನಮಗೆ ನೆರವಾಗುತ್ತದೆ.

ಮಿದುಳನ್ನು ತೆಳುವಾದ ಪದರಗಳಾಗಿ ಕೊಯ್ದು ನೋಡುವುದು ಹಳೆಯ ಪದ್ಧತಿ. ಹಾಗೆ ಕೊಯ್ದಾಗ ಪದರದಿಂದ ಪದರಕ್ಕೆ ಹಾಯುವ ನರತಂತುಗಳ ಜಾಡು ತಪ್ಪುತ್ತದೆ. ಇಡಿಯಾಗಿ ನೋಡೋಣವೆಂದರೆ, ಅಂಗಾಂಶದಲ್ಲಿರುವ ನೀರು, ಕೊಬ್ಬು, ಪ್ರೋಟೀನುಗಳ ವಕ್ರೀಭವನಾಂಕಗಳು ಬೇರೆ ಬೇರೆಯಾದುದರಿಂದ ಬೆಳಕು ಚದರಿಹೋಗುತ್ತದೆ. ಜರ್ಮನಿಯ ವರ್ನರ್ ಸ್ಪಾಲ್ಟೆಹೋಲ್ಟ್ಸ್ 1914ರ ವೇಳೆಗಾಗಲೇ ಅಂಗಗಳ ನೀರನ್ನು ತೆಗೆದು, ತಕ್ಕ ವಕ್ರೀಭವನಾಂಕದ ದ್ರವಗಳನ್ನು ತುಂಬಿ, ಅವುಗಳನ್ನು ಪಾರದರ್ಶಕವಾಗಿಸಿದ್ದರು. 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕೊಬ್ಬನ್ನು ತೊಳೆದು ತೆಗೆದು, ಇಲಿಯ ಇಡೀ ಮಿದುಳನ್ನು ಗಾಜಿನಂತೆ ಮಾಡಿದರು.

ಆದರೆ ಪಾರದರ್ಶಕತೆಯೊಂದೇ ಸಾಲದು. ಬೇಕಾದ ಪ್ರೋಟೀನನ್ನು ಗುರುತಿಸಲು, ಅದಕ್ಕೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ ಒಳಕ್ಕೆ ಕಳುಹಿಸಬೇಕು. ಪ್ರತಿಕಾಯವು ದೊಡ್ಡ ಅಣು. ವಿಸರಣೆಯಿಂದ ಮೆಲ್ಲಮೆಲ್ಲನೆ ಸಾಗುತ್ತದೆ. ವಿಸರಣೆಗೆ ಹಿಡಿಯುವ ಕಾಲವು ದೂರದ ವರ್ಗಕ್ಕೆ ಅನುಗುಣವಾದುದು. 1 ಮಿಲಿಮೀಟರ್ ಆಳಕ್ಕೆ 1 ದಿನ ಬೇಕೆಂದುಕೊಂಡರೆ, 5 ಮಿಲಿಮೀಟರಿಗೆ 25 ದಿನಗಳು! ಸಾಲದೆಂಬಂತೆ, ದಾರಿಯಲ್ಲಿ ಮೊದಲು ಸಿಕ್ಕುವ ಪ್ರೋಟೀನುಗಳೇ ಪ್ರತಿಕಾಯವನ್ನು ಹಿಡಿದುಬಿಡುತ್ತವೆ. ಅಂಚು ಹೊಳೆಯುತ್ತದೆ, ಒಡಲು ಕತ್ತಲಾಗಿಯೇ ಉಳಿಯುತ್ತದೆ.

ಇದಕ್ಕೆ ಉಪಾಯಗಳುಂಟು. 2015ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಕ್ವಾಂಗ್‌ಹನ್ ಚಂಗ್ ಮತ್ತು ಸಂಗಡಿಗರು ಎರಡು ಮಾರ್ಗಗಳನ್ನು ತೋರಿಸಿದರು. ಮೊದಲನೆಯದರಲ್ಲಿ, ಅಂಟದಂತೆ ತಡೆಯುವ ರಾಸಾಯನಿಕದೊಡನೆ ಪ್ರತಿಕಾಯವನ್ನು ಆಳದವರೆಗೆ ಹರಡಗೊಟ್ಟು, ಆಮೇಲೆ ಆ ತಡೆಯನ್ನು ತೆಗೆಯುತ್ತಾರೆ. ಆಗ ಎಲ್ಲೆಡೆಯೂ ಒಮ್ಮೆಲೇ ಅಂಟುತ್ತದೆ. ಎರಡನೆಯದರಲ್ಲಿ, ದಿಕ್ಕು ಬದಲಿಸುತ್ತಿರುವ ವಿದ್ಯುತ್ ಕ್ಷೇತ್ರದಿಂದ ಅಣುಗಳನ್ನು ಬೇಗನೆ ಒಳಗೊಯ್ಯುತ್ತಾರೆ. ಒಂಟೆಯ ಜಾತಿಯ ಪ್ರಾಣಿಗಳ ಒಂದು ಬಗೆಯ ಪ್ರತಿಕಾಯದಿಂದ ಪಡೆದ ತುಣುಕು ಇನ್ನೊಂದು ಸಾಧನ. ಸಾಮಾನ್ಯ ಪ್ರತಿಕಾಯದ ಸುಮಾರು ಹತ್ತನೆಯ ಒಂದು ಪಾಲು ತೂಕದ್ದಾದುದರಿಂದ ಅದು ಸುಲಭವಾಗಿ ನುಸುಳುತ್ತದೆ.

ಚಿತ್ರದ ನಡುವೆ ಕತ್ತಲೆ ಕಂಡಾಗ ಅಲ್ಲಿ ಆ ಪ್ರೋಟೀನೇ ಇಲ್ಲವೆಂದು ತೀರ್ಮಾನಿಸಬಹುದೇ? ಕೂಡದು, ಬಣ್ಣವೇ ಅಲ್ಲಿಗೆ ತಲುಪದೆ ಇದ್ದೀತು. ಪರೀಕ್ಷೆ ಸರಳ. ಅದೇ ತುಂಡನ್ನು ನಡುವೆ ಕೊಯ್ದು, ಕೊಯ್ದ ಮೈಗೆ ಮತ್ತೊಮ್ಮೆ ಬಣ್ಣ ಹಾಕಬೇಕು. ಈಗ ಅದು ಹೊಳೆದರೆ, ಮೊದಲು ಕಂಡ ಕತ್ತಲೆ ಜೀವಕೋಶದ್ದಲ್ಲ, ನಮ್ಮ ವಿಧಾನದ್ದು. ರೋಗಿಯ ದೇಹದಿಂದ ತೆಗೆದ ಗಡ್ಡೆಯನ್ನು ಪರೀಕ್ಷಿಸುವಾಗ ಈ ಭೇದವನ್ನರಿಯುವುದು ಅತ್ಯಗತ್ಯ.