ಮಗು ಯಾವಾಗ ಎಂದು ಯಾರು ನಿರ್ಧರಿಸಬೇಕು?

ಮೀನಾ ಕಂದಸಾಮಿ ಚೆನ್ನೈನವರು, ಬರೆಯುವುದು ಇಂಗ್ಲಿಷಿನಲ್ಲಿ. 2017ರಲ್ಲಿ ಬಂದ ಅವರ ‘ವೆನ್ ಐ ಹಿಟ್ ಯೂ’ ಕಾದಂಬರಿಯ ಕಥೆ ಬಹುಪಾಲು ನಡೆಯುವುದು ನಮ್ಮ ಮಂಗಳೂರಿನಲ್ಲಿ. ಹೆಸರಿಲ್ಲದ ನಿರೂಪಕಿ ಬರಹಗಾರ್ತಿ; ಗಂಡ ಕಾಲೇಜು ಉಪನ್ಯಾಸಕ, ಕ್ರಾಂತಿಯ ಮಾತಾಡುವವನು. ಮೊದಲು ಆಕೆಯ ಫೇಸ್‌ಬುಕ್ ಖಾತೆ ಮುಚ್ಚುತ್ತದೆ, ಆಮೇಲೆ ಇಮೇಲ್ ಅವನ ಕೈಗೆ ಹೋಗುತ್ತದೆ, ಕೊನೆಗೆ ಹೊಡೆತ, ಬಲಾತ್ಕಾರ. ಪುಸ್ತಕದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ನೆನೆಯುವುದು ಈ ಹೊಡೆತಗಳನ್ನೇ. ನನ್ನ ಮಟ್ಟಿಗೆ ಅದಕ್ಕಿಂತ ಭಯ ಹುಟ್ಟಿಸುವುದು ಗಂಡ ಮಗುವಿಗಾಗಿ ಹಟ ಹಿಡಿಯುವ ಭಾಗ. ಅಲ್ಲಿ ಹಿಂಸೆ ಎಂದು ಗುರುತಿಸುವಂಥದ್ದು ಏನೂ ಕಾಣುವುದಿಲ್ಲ. ಮದುವೆಯಾದ ಗಂಡ ಮಗು ಬೇಕೆಂದರೆ ತಪ್ಪೇನು ಎಂದು ಯಾರಾದರೂ ಕೇಳಿಯಾರು. ಆದರೆ ಆ ಮನೆಯಲ್ಲಿ ಮಗು ಬಂದರೆ ತನ್ನ ಬಿಡುಗಡೆಯ ದಾರಿಯೇ ಮುಚ್ಚುತ್ತದೆ ಎಂಬುದು ಆಕೆಗೆ ಗೊತ್ತು. ತಾಯ್ತನವನ್ನು ಮುಂದೂಡುವುದು ಇಲ್ಲಿ ಆಕೆಯ ಬಳಿ ಉಳಿದಿರುವ ಕೊನೆಯ ಸ್ವಾತಂತ್ರ್ಯ.

ಇದು ಬರೀ ಕಾದಂಬರಿ, ಒಬ್ಬಳ ಕಥೆಯಿಂದ ಸಮಾಜವನ್ನು ಅಳೆಯಬಾರದು ಎಂಬ ಆಕ್ಷೇಪವಿದೆ. ಒಪ್ಪೋಣ. ಹಾಗಿದ್ದರೆ ಸರ್ಕಾರದ್ದೇ ಅಂಕಿಗಳನ್ನು ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49ರ ವಯಸ್ಸಿನ ವಿವಾಹಿತೆಯರ ಪೈಕಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದವರು ದೇಶದಲ್ಲಿ ಶೇ 29.3; ಕರ್ನಾಟಕದಲ್ಲಿ ಶೇ 44.4. ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಪ್ರಮಾಣ ಶೇ 20.6 ಇತ್ತು. ಹಿಂಸೆ ಹೆಚ್ಚಿತೋ, ಬಾಯಿಬಿಟ್ಟು ಹೇಳುವವರು ಹೆಚ್ಚಿದರೋ ಎಂದು ವಾದಿಸಬಹುದು. ಎರಡನೆಯದೇ ನಿಜವಾದರೂ ಅಷ್ಟೊಂದು ನೋವು ಅಷ್ಟು ವರ್ಷ ಲೆಕ್ಕಕ್ಕೆ ಸಿಗದೆ ಉಳಿದಿತ್ತು ಎಂದೇ ಅರ್ಥ. ಇಂಥ ಮನೆಗಳಲ್ಲೂ ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ‘ಏನಾದರೂ ವಿಶೇಷ ಇದೆಯಾ?’ ಎಂಬ ವಿಚಾರಣೆ ಶುರುವಾಗುತ್ತದೆ. ‘ಒಂದು ಮಗುವಾದರೆ ಗಂಡ ಸರಿಹೋಗುತ್ತಾನೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಬಸಿರು ಹೊಡೆಯುವ ಕೈಯನ್ನು ತಡೆಯುವುದಿಲ್ಲ. ಬಸಿರಿಯ ಮೇಲಿನ ಹಿಂಸೆಯಿಂದ ಗರ್ಭಪಾತದ ಅಪಾಯವೂ ಕಡಿಮೆ ತೂಕದ ಕೂಸು ಹುಟ್ಟುವ ಅಪಾಯವೂ ಹೆಚ್ಚುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತಲೇ ಇದೆ.

ವೈದ್ಯರು ಎತ್ತುವ ಆಕ್ಷೇಪ ಬೇರೆ: ವಯಸ್ಸು ಯಾರಿಗೂ ಕಾಯುವುದಿಲ್ಲ, ಮೂವತ್ತೈದು ದಾಟಿದ ಮೇಲೆ ಗರ್ಭ ನಿಲ್ಲುವುದು ಕಷ್ಟವಾಗುತ್ತಾ ಹೋಗುತ್ತದೆ. ಇದು ಸತ್ಯ, ಹೆಣ್ಣುಮಕ್ಕಳಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕಾದ ಸತ್ಯ. ತಡವಾದ ತಾಯ್ತನವೇ ಶ್ರೇಷ್ಠ ಎಂದು ನಾನು ವಾದಿಸುತ್ತಿಲ್ಲ. ಆದರೆ ತಡಮಾಡುವವರೆಲ್ಲ ನೌಕರಿಯ ಆಸೆಗೆ ಬಿದ್ದವರು, ಸ್ವಾರ್ಥಿಗಳು ಎಂಬ ತೀರ್ಪಿಗೆ ಆಧಾರವಿಲ್ಲ. ಏಟು ತಿನ್ನುವ ಹೆಂಡತಿ ‘ಈಗ ಬೇಡ’ ಎಂದಾಗ ಆಕೆ ಮುಂದೂಡುತ್ತಿರುವುದು ಆ ಮನೆಯಲ್ಲಿ ತಾಯಿಯಾಗುವುದನ್ನು, ತಾಯ್ತನವನ್ನೇ ಅಲ್ಲ. ವರ್ಷಗಳು ಕಳೆದುಹೋದರೆ ಅದರ ಹೊಣೆಯೂ ಹಿಂಸಿಸಿದವನ ಮೇಲೇ ಬರಬೇಕು. ಮೀನಾ ಅವರೂ ತಮ್ಮ ಮೊದಲ ಮದುವೆಯ ಹಿಂಸೆಯ ಬಗ್ಗೆ 2012ರಲ್ಲೇ ಲೇಖನ ಬರೆದಿದ್ದವರು; ತಾಯಿಯಾದದ್ದು ಆ ಮದುವೆಯಿಂದ ಹೊರಬಂದ ಎಷ್ಟೋ ಕಾಲದ ನಂತರ.

ನಮ್ಮ ಕಾನೂನು ಈ ವಿಷಯದಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. ಹೆಂಡತಿ ಹದಿನೆಂಟು ದಾಟಿದವಳಾದರೆ ಗಂಡನ ಬಲಾತ್ಕಾರ ಅತ್ಯಾಚಾರವಲ್ಲ ಎಂಬ ವಿನಾಯಿತಿಯನ್ನು ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮೂ ಉಳಿಸಿಕೊಂಡಿತು. ಆದರೆ 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಗರ್ಭಪಾತ ಕಾಯ್ದೆಯ ಮಟ್ಟಿಗೆ ಗಂಡನ ಬಲಾತ್ಕಾರವೂ ಅತ್ಯಾಚಾರವೇ ಎಂದಿತು. ಪ್ರಾಪ್ತ ವಯಸ್ಸಿನ ಹೆಣ್ಣಿನ ಗರ್ಭಪಾತಕ್ಕೆ ಕಾಯ್ದೆ ಕೇಳುವುದು ಆಕೆಯ ಒಪ್ಪಿಗೆಯನ್ನು ಮಾತ್ರ. ಮನೆಯವರ ಸಮ್ಮತಿಯಂಥ ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು ಎಂದೂ ನ್ಯಾಯಾಲಯ ಹೇಳಿತು. ಹಾಗಿದ್ದೂ ‘ಗಂಡನ ಸಹಿ ತನ್ನಿ’ ಎನ್ನುವ ಆಸ್ಪತ್ರೆಗಳಿವೆ. ಆ ಸಹಿ ಹಾಕಬೇಕಾದವನು ಹೊಡೆಯುವವನೇ ಆಗಿದ್ದರೆ ಆಕೆ ಏನು ಮಾಡಬೇಕು? ಗಂಡನನ್ನು ಹೊರಗೆ ಕೂರಿಸಿ, ಹೆಂಡತಿಯನ್ನು ಒಬ್ಬಳೇ ಒಳಗೆ ಕರೆದು ‘ಈ ಬಸಿರು ನಿನಗೆ ಬೇಕೇನಮ್ಮಾ?’ ಎಂದು ಕೇಳಲು ಯಾವ ಹೊಸ ಕಾನೂನೂ ಬೇಕಾಗಿಲ್ಲ.